ಎರಡನೇ ಏಟಿಗೆ ಎಲೆ ಎಸೆಯುವವರು

ಎದುರು ಕೂತವನ ಮುಖ ನೋಡಿಯೇ ಅವನ ಕೈಯಲ್ಲಿರುವ ಇಸ್ಪೀಟು ಎಲೆ ಯಾವುದೆಂದು ಹೇಳುತ್ತೇನೆ ಎಂದು ಕೊಚ್ಚಿಕೊಳ್ಳುವವರನ್ನು ನಾನು ನಂಬುವುದಿಲ್ಲ. ಮುಖದಲ್ಲಿ ಏನೂ ಇರುವುದಿಲ್ಲ. ನನ್ನ ಜಂಬ ಬೇರೆ ಥರದ್ದು. ಒಬ್ಬೊಬ್ಬನನ್ನೂ ಓದುವ ಗೋಜಿಗೆ ಹೋಗಬೇಕಾಗಿಲ್ಲ, ಅವನು ಯಾವ ಗುಂಪಿನವನು ಎಂದು ಗೊತ್ತಾದರೆ ಸಾಕು, ಹೇಗೆ ಆಡುತ್ತಾನೆ ಎಂದು ಹೇಳಬಲ್ಲೆ ಎಂದುಕೊಂಡಿದ್ದೆ. ಎಪ್ಪತ್ತರ ದಶಕದ ಮೊದಲ ನಾಲ್ಕೈದು ವರ್ಷಗಳನ್ನು ಆ ಜಂಬದಲ್ಲೇ ಕಳೆದೆ. ಅದಕ್ಕೆ ಬೆಲೆ ತೆತ್ತವರು ಬೇರೆಯವರು.

ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ. ನಲವತ್ತು ಜನ ಇದ್ದೆವು. ಇನ್ನೊಂದು ದೊಡ್ಡ ಕಾರ್ಖಾನೆಗೆ ಪಂಪಿನ ಬಿಡಿಭಾಗ ಮಾಡಿಕೊಡುತ್ತಿದ್ದೆವು. ನಾನು ಇನ್ಸ್‌ಪೆಕ್ಷನ್ನಿನಲ್ಲಿದ್ದೆ. ಅಂದರೆ ಬೇರೆಯವರು ಬೆವರು ಸುರಿಸಿ ಮಾಡಿದ್ದಕ್ಕೆ ಅಳತೆ ಹಿಡಿದು, ಇದು ಸರಿಯಿಲ್ಲ ಎಂದು ಪಕ್ಕಕ್ಕೆ ಇಡುವುದು ನನ್ನ ಕೆಲಸ. ನನ್ನ ಗೆಳೆಯ ಮಿಲ್ಲಿಂಗ್ ಮಷೀನಿನವನು. ಅವನು ಮಾಡಿದ ಒಂದು ತುಂಡನ್ನೂ ನಾನು ಪಕ್ಕಕ್ಕೆ ಇಟ್ಟ ನೆನಪಿಲ್ಲ. ಮಷೀನಿನ ಸದ್ದು ಒಂದು ಚೂರು ಬೇರೆಯಾದರೆ ಮಾತಾಡುತ್ತಿದ್ದವನು ಹಾಗೇ ನಿಲ್ಲಿಸಿ, ಕೈ ಚಾಚಿ ಏನೋ ತಿರುಗಿಸಿ, ಮತ್ತೆ ಮಾತು ಮುಂದುವರಿಸುತ್ತಿದ್ದ. ಆ ಕೈ ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಊಟದ ಬಿಡುವಿನಲ್ಲಿ ಸೈಕಲ್ ಸ್ಟ್ಯಾಂಡಿನ ಶೀಟಿನ ಕೆಳಗೆ ಗೋಣಿ ಹಾಸಿ ಮೂರೆಲೆ ಆಡುತ್ತಿದ್ದೆವು. ಪಣಕ್ಕೆ ಬೆಂಕಿಕಡ್ಡಿ. ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಒಬ್ಬೊಬ್ಬರಿಗೂ ಮೂರು ಎಲೆ. ನೋಡಿಯೂ ಕಟ್ಟಬಹುದು, ನೋಡದೆಯೂ ಕಟ್ಟಬಹುದು. ಒಬ್ಬ ಕಟ್ಟಿದ ಮೇಲೆ ಮುಂದಿನವನು ಅದಕ್ಕೆ ಸಮನಾಗಿಯೋ ಅದಕ್ಕಿಂತ ಏರಿಸಿಯೋ ಕಟ್ಟಬೇಕು, ಇಲ್ಲವೇ ಎಲೆಯನ್ನು ಕವುಚಿ ಎಸೆದು ಆ ಆಟ ಬಿಡಬೇಕು. ಕೊನೆಗೆ ಇಬ್ಬರು ಉಳಿದರೆ ಎಲೆ ತೋರಿಸಿ ತೀರ್ಮಾನ. ಒಬ್ಬನೇ ಉಳಿದರೆ ಗೋಣಿಯ ಮೇಲಿದ್ದದ್ದೆಲ್ಲ ಅವನದೇ, ಅವನ ಕೈಯಲ್ಲಿ ಏನೂ ಇಲ್ಲದಿದ್ದರೂ ಸರಿ. ಆಟ ಬಿಟ್ಟವನ ಎಲೆಯನ್ನು ಮಾತ್ರ ಯಾರೂ ಎತ್ತಿ ನೋಡುವಂತಿಲ್ಲ. ಅದು ಮರ್ಯಾದೆ. ಎತ್ತಿ ನೋಡಿದವನನ್ನು ಮಾರನೆಯ ದಿನ ಗೋಣಿಯ ಮೇಲೆ ಕೂರಿಸುತ್ತಿರಲಿಲ್ಲ.

ಲೇತಿನವರೆಲ್ಲ ಐಟಿಐ ಮುಗಿಸಿ ಹೊಸದಾಗಿ ಬಂದ ಹುಡುಗರು. ಅವರು ಎಲೆ ನೋಡುವುದನ್ನೇ ಅವಮಾನ ಎಂದು ತಿಳಿದಿದ್ದರು. ನೋಡದೆ ಕಟ್ಟಿ, ಮೀಸೆ ಬರದ ಜಾಗವನ್ನು ತಿರುವುತ್ತಿದ್ದರು. ಅವರನ್ನು ಹೆದರಿಸಿ ಓಡಿಸಲು ಆಗುವುದಿಲ್ಲ, ಓಡುವ ಜಾತಿಯೇ ಅಲ್ಲ. ಒಳ್ಳೆಯ ಎಲೆ ಬರುವವರೆಗೆ ತೆಪ್ಪಗೆ ಕೂತಿದ್ದು, ಬಂದಾಗ ಅವರ ಅಬ್ಬರಕ್ಕೆ ಹೂಂಗುಟ್ಟುತ್ತಾ ಹೋಗಬೇಕು. ಆಫೀಸಿನವರು ಇದಕ್ಕೆ ತದ್ವಿರುದ್ಧ. ಎಲೆ ಬಿದ್ದ ಕೂಡಲೇ ಫೈಲು ಬಿಚ್ಚಿದ ಹಾಗೆ ಬಿಚ್ಚಿ ನೋಡುತ್ತಿದ್ದರು. ಒಂದು ಜೋಡಿಯಾದರೂ ಇಲ್ಲದಿದ್ದರೆ ಎಸೆದು ಕೈ ಒರೆಸಿಕೊಳ್ಳುತ್ತಿದ್ದರು. ಅವರ ಎದುರು ನನ್ನ ಎಲೆ ಏನಾದರೂ ಆಗಿರಲಿ, ನೋಡದೆಯೇ ಎರಡರಷ್ಟು ಕಟ್ಟಿದರೆ ಮುಗಿಯಿತು. ಇನ್ನು ವಯಸ್ಸಾದ ಫಿಟ್ಟರುಗಳು. ಅವರಿಗೆ ಗೆಲ್ಲುವುದಕ್ಕಿಂತ ಎದುರಿನವನ ಹತ್ತಿರ ಏನಿತ್ತು ಎಂದು ತಿಳಿಯುವ ಚಪಲ. ಸೋಲುತ್ತೇವೆ ಎಂದು ಗೊತ್ತಿದ್ದರೂ ತೋರಿಸು ಎನ್ನದೆ ಏಳುತ್ತಿರಲಿಲ್ಲ. ಅವರ ಮುಂದೆ ಸುಳ್ಳು ಆಡಿದರೆ ನಾನೇ ಮೂರ್ಖ. ನಿಜವಾದ ಎಲೆ ಇದ್ದಾಗ ಮಾತ್ರ ಕಟ್ಟಬೇಕು, ಕಟ್ಟಿದರೆ ಕೈ ತುಂಬ ಕಟ್ಟಬೇಕು.

ಹೀಗೆ ಗೋಣಿಯ ಮೇಲೆ ಯಾರು ಯಾರು ಕೂತಿದ್ದಾರೆ ಎಂದು ನೋಡಿ, ದಿನಕ್ಕೊಂದು ರೀತಿ ಆಡುತ್ತಿದ್ದೆ. ನನ್ನ ಜೇಬಿನಲ್ಲಿ ಸದಾ ನಾಲ್ಕೈದು ಬೆಂಕಿಪೊಟ್ಟಣ ಇರುತ್ತಿದ್ದವು. ನಾನು ಬೀಡಿ ಸೇದುವವನೂ ಅಲ್ಲ. ಹೆಂಡತಿಗೆ ಒಲೆ ಹಚ್ಚಲು ಒಂದು ಪೊಟ್ಟಣವನ್ನೂ ಕೊಂಡು ತಂದಿರಲಿಲ್ಲ.

ಗೆಳೆಯ ಮಾತ್ರ ನನ್ನ ಯಾವ ಗುಂಪಿಗೂ ಸೇರುತ್ತಿರಲಿಲ್ಲ. ಒಳ್ಳೆಯ ಎಲೆ ಬಂದರೆ ಕಟ್ಟುತ್ತಿದ್ದ, ಕೆಟ್ಟದ್ದು ಬಂದರೆ ಎಸೆಯುತ್ತಿದ್ದ, ಎರಡಕ್ಕೂ ನಗುತ್ತಿದ್ದ. ಸಾಯಂಕಾಲ ಸೈಕಲ್ಲು ತಳ್ಳಿಕೊಂಡು ವಿಜಯನಗರದ ಅವನ ಮನೆಯ ಕಡೆ ಹೋಗುವಾಗ, ಇವತ್ತು ಇಂಥವನನ್ನು ಹೇಗೆ ಬೀಳಿಸಿದೆ ಎಂದು ಕೇಳಿ ತಿಳಿದುಕೊಳ್ಳುತ್ತಿದ್ದ. ಆಗ ಅಲ್ಲಿ ಎರಡು ಮನೆಗಳ ನಡುವೆ ಇನ್ನೂ ರಾಗಿ ಬೆಳೆಯುತ್ತಿದ್ದರು. ನಾನು ಆ ಬದುಗಳ ಪಕ್ಕದಲ್ಲಿ ಪಾಠ ಹೇಳುತ್ತಾ ನಡೆಯುತ್ತಿದ್ದೆ. ನನ್ನ ಮಾತನ್ನು ಅಷ್ಟು ಗಮನ ಕೊಟ್ಟು ಕೇಳಿದವರು ಜೀವನದಲ್ಲಿ ಇನ್ನೊಬ್ಬರಿಲ್ಲ.

ಯುಗಾದಿಯ ಮಾರನೆಯ ದಿನ ಹೊಸತೊಡಕು. ನಮ್ಮ ಕಡೆ ಅವತ್ತು ಮನೆ ಮನೆಯಲ್ಲಿ ಬಾಡಿನೂಟ, ಬೀದಿ ಬೀದಿಯಲ್ಲಿ ಇಸ್ಪೀಟು. ವರ್ಷವಿಡೀ ಎಲೆ ಮುಟ್ಟದವರೂ ಅವತ್ತು ಮುಟ್ಟುತ್ತಾರೆ. ಕಾರ್ಖಾನೆಗೆ ರಜೆಯಾದರೂ ಬೆಳಿಗ್ಗೆ ಎಲ್ಲರೂ ಅಲ್ಲಿಗೇ ಬಂದು, ಶೆಡ್ಡಿನ ನೆಲ ತೊಳೆದು, ಜಮಖಾನ ಹಾಸುತ್ತಿದ್ದೆವು. ಅವತ್ತು ಬೆಂಕಿಕಡ್ಡಿಯ ಬದಲು ಹತ್ತು ಪೈಸೆ, ನಾಲ್ಕಾಣೆ. ಹತ್ತು ಗಂಟೆಯ ಹೊತ್ತಿಗೆ ಯಜಮಾನರು ಬರುತ್ತಿದ್ದರು.

ಅವರು ದಾವಣಗೆರೆಯ ಕಡೆಯವರು. ಹಣೆ ತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ನಮ್ಮ ಬಾಡಿನ ಪಾತ್ರೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಚಪ್ಪಲಿ ಬಿಟ್ಟು ಜಮಖಾನದ ಮೇಲೆ ನಮ್ಮ ಜೊತೆಗೇ ಕೂರುತ್ತಿದ್ದರು. ಪಕ್ಕದಲ್ಲಿ ಅವರ ಊರಿನವರೇ ಆದ ಸ್ಟೋರ್ ಕೀಪರು. ಅವರಿಗೆ ಆಗಲೇ ಅರವತ್ತರ ಹತ್ತಿರ. ಅವರು ಪಣ ಕಟ್ಟುತ್ತಿರಲಿಲ್ಲ, ಎಲೆ ಕಲೆಸಿ ಹಂಚುವುದು ಮಾತ್ರ ಅವರ ಕೆಲಸ. ಯಜಮಾನರು ಒಂದು ಗಂಟೆ ಆಡಿ, ತಂದ ಚಿಲ್ಲರೆಯನ್ನೆಲ್ಲ ಸೋತು, ಎಲ್ಲರಿಗೂ ಕೈ ಮುಗಿದು ಎದ್ದು ಹೋಗುತ್ತಿದ್ದರು.

ನಾಲ್ಕು ವರ್ಷ ನಾನು ಅವರನ್ನು ಕಣ್ಣಿಟ್ಟು ನೋಡಿದೆ. ಅವರ ಆಟ ಪ್ರತಿ ಸಲವೂ ಒಂದೇ. ಯಾರಾದರೂ ಜೋರಾಗಿ ಕಟ್ಟಿದರೆ, ಅಂದರೆ ನಮ್ಮ ಮಾತಿನಲ್ಲಿ ಒಂದು ಏಟು ಹಾಕಿದರೆ, ಒಂದು ಸಲ ಸಮನಾಗಿ ಕಟ್ಟುವರು. ಅವನೇ ಎರಡನೇ ಸಲವೂ ಏರಿಸಿದರೆ, ಎಲೆಯನ್ನು ಒಮ್ಮೆ ನೋಡಿ, ಸ್ಟೋರ್ ಕೀಪರ ಮುಂದೆ ಕವುಚಿ ಹಾಕುವರು. ಎರಡನೇ ಏಟಿಗೆ ನಿಂತದ್ದನ್ನು ನಾನು ಕಾಣಲೇ ಇಲ್ಲ. ನನಗೆ ಖುಷಿಯೋ ಖುಷಿ. ಹಣ ಇರುವವರು ಹೀಗೇ, ಕಳೆದುಕೊಳ್ಳುವ ಅಭ್ಯಾಸವಿಲ್ಲದ್ದರಿಂದ ಬೇಗ ಕೈ ಬಿಡುತ್ತಾರೆ ಎಂದು ಯಜಮಾನರುಗಳದ್ದೇ ಒಂದು ಗುಂಪು ಮಾಡಿ ತಲೆಯಲ್ಲಿ ಬರೆದಿಟ್ಟುಕೊಂಡೆ. ಆ ಗುಂಪಿನಲ್ಲಿ ನಾನು ನೋಡಿದ್ದು ಅವರೊಬ್ಬರನ್ನೇ. ಅದು ಆಗ ನನಗೆ ಕೊರತೆ ಎನ್ನಿಸಲಿಲ್ಲ. ಗೆಳೆಯನಿಗೂ ಹೇಳಿಕೊಟ್ಟೆ. ಅವನು ನಾಲ್ಕನೇ ವರ್ಷ ಏನೂ ಇಲ್ಲದ ಎಲೆ ಹಿಡಿದು ಯಜಮಾನರನ್ನು ಎರಡು ಸಲ ಬಿಡಿಸಿದ. ಗೆದ್ದ ದುಡ್ಡಲ್ಲಿ ಮಗಳಿಗೆ ಬಳೆ ಕೊಂಡ.

ಆ ವರ್ಷ ಮಳೆಗಾಲದಲ್ಲಿ ಯಜಮಾನರು ನಮ್ಮನ್ನೆಲ್ಲ ಶೆಡ್ಡಿನಲ್ಲಿ ಸೇರಿಸಿದರು. ದೊಡ್ಡ ಕಾರ್ಖಾನೆಯಿಂದ ಬರುವ ಆರ್ಡರು ಅರ್ಧಕ್ಕೆ ಇಳಿದಿದೆ, ಆರು ತಿಂಗಳು ವಾರಕ್ಕೆ ಮೂರೇ ದಿನ ಕೆಲಸ, ಮೂರೇ ದಿನದ ಸಂಬಳ, ಆದರೆ ಯಾರನ್ನೂ ತೆಗೆಯುವುದಿಲ್ಲ ಎಂದರು. ಬೇಕಾದರೆ ಆರ್ಡರು ಪುಸ್ತಕ ನೋಡಿ ಎಂದು ಮೇಜಿನ ಮೇಲೆ ಇಟ್ಟರು. ನಮ್ಮಲ್ಲಿ ಯಾರೂ ಅದನ್ನು ತೆರೆದು ನೋಡಲಿಲ್ಲ. ಪುಸ್ತಕ ತೋರಿಸುವುದೂ ಹೆದರಿಸುವ ಒಂದು ವರಸೆ ಎಂದು ನಾನು ಪಕ್ಕದಲ್ಲಿದ್ದವನ ಕಿವಿಯಲ್ಲಿ ಹೇಳಿದೆ. ಅವನು ಇನ್ನೊಬ್ಬನ ಕಿವಿಯಲ್ಲಿ ಹೇಳಿದ.

ಗೆಳೆಯ ಯೂನಿಯನ್ನಿನ ಕಾರ್ಯದರ್ಶಿ. ಅವನಿಗೆ ಮೂರು ದಿನಕ್ಕೆ ಒಪ್ಪಿಕೊಳ್ಳುವ ಮನಸ್ಸಿತ್ತು. ಇದನ್ನು ನಾನು ಸ್ಪಷ್ಟವಾಗಿ ಬರೆಯಬೇಕು, ಯಾಕೆಂದರೆ ಆಮೇಲೆ ಎಲ್ಲರೂ ಹಟ ಅವನದ್ದು ಎಂದರು. ಮಾರನೆಯ ದಿನ ಸಾಯಂಕಾಲ ಎಸ್ಟೇಟಿನ ಹಿಂದಿನ ಖಾಲಿ ಜಾಗದಲ್ಲಿ ಸಭೆ. ಸಭೆಗೆ ಮೊದಲು ಅವನು ನನ್ನನ್ನು ಸೈಕಲ್ ಸ್ಟ್ಯಾಂಡಿನ ಹತ್ತಿರ ಕರೆದುಕೊಂಡು ಹೋದ. ಅಂಗಿಯ ತೋಳಿಗೆ ಕೈ ಒರೆಸಿಕೊಂಡು ಕೇಳಿದ.

"ನಿಜ ಹೇಳು. ನಾವು ಕೆಲಸ ನಿಲ್ಲಿಸಿದ್ರೆ ಅವರು ಏನ್ಮಾಡ್ತಾರೆ?"

"ಮೊದಲನೇ ಏಟಿಗೆ ನಿಲ್ತಾರೆ ಕಣೋ. ಎರಡನೇ ಏಟಿಗೆ ಬಿಟ್ಬಿಡ್ತಾರೆ. ನೀನೇ ನೋಡಿದೀಯಲ್ಲ."

"ಇದು ಆಟ ಅಲ್ಲ ಕಣೋ. ನಲವತ್ತು ಮನೆ."

"ಆಟದಲ್ಲೂ ಇಲ್ಲೂ ಮನುಷ್ಯ ಒಬ್ಬನೇ ತಾನೆ," ಎಂದೆ.

ಅವನು ಗೋಣಿ ಹಾಸುವ ಜಾಗದ ಕಡೆ ಒಮ್ಮೆ ನೋಡಿದ. ಆಮೇಲೆ ಸಭೆಗೆ ಹೋಗಿ, ಆರು ದಿನದ ಕೆಲಸ ಕೊಡುವವರೆಗೆ ಯಾರೂ ಮಷೀನು ಮುಟ್ಟಬಾರದು ಎಂದು ಹೇಳಿದ. ಲೇತಿನ ಹುಡುಗರು ಚಪ್ಪಾಳೆ ತಟ್ಟಿದರು. ಫಿಟ್ಟರುಗಳು ಏನಾಗುತ್ತದೋ ನೋಡಿಯೇ ಬಿಡೋಣ ಎಂದರು. ಆಫೀಸಿನವರು ಸಭೆಗೆ ಬಂದಿರಲಿಲ್ಲ. ಎಲ್ಲರೂ ನನ್ನ ಲೆಕ್ಕದಂತೆಯೇ ನಡೆದುಕೊಂಡರು ಎಂದು ಅವತ್ತು ಮನೆಗೆ ಹೋಗುವಾಗ ಒಳಗೊಳಗೇ ಬೀಗಿದೆ.

ಹತ್ತು ದಿನ ಮಷೀನುಗಳು ನಿಂತಿದ್ದವು. ಯಜಮಾನರು ಗೇಟಿನ ಹತ್ತಿರ ಬಂದು, ತಮ್ಮ ಹತ್ತಿರ ಬೇರೆ ದಾರಿಯಿಲ್ಲ, ದಯವಿಟ್ಟು ಒಳಗೆ ಬನ್ನಿ ಎಂದು ಕರೆದರು. ಅದು ಮೊದಲನೇ ಏಟು. ಅವರು ನಿಂತರು, ನಾನು ಹೇಳಿದ ಹಾಗೆಯೇ. ಈಗ ಏರಿಸಬೇಕು ಎಂದು ನಾನು ಗೆಳೆಯನಿಗೆ ಹೇಳಿದೆ. ತಯಾರಾಗಿ ಇಟ್ಟಿದ್ದ ಮಾಲನ್ನೂ ಹೊರಗೆ ಹೋಗಲು ಬಿಡಬಾರದೆಂದು ನಮ್ಮವರು ಗೇಟಿಗೆ ಅಡ್ಡ ಕೂತರು. ಮಾಲು ಹೊತ್ತ ಲಾರಿ ಒಳಗೇ ಉಳಿಯಿತು. ಎರಡನೇ ಏಟು ಬಿದ್ದಿತ್ತು. ಅವರು ಬಿಡುವುದನ್ನೇ ಕಾಯುತ್ತಾ ನಾವು ಗೇಟಿನ ಎದುರು ಕಡಲೆಕಾಯಿ ತಿನ್ನುತ್ತಿದ್ದೆವು.

ಹೇಳಿದ ದಿನಕ್ಕೆ ಮಾಲು ತಲುಪಲಿಲ್ಲವೆಂದು ದೊಡ್ಡ ಕಾರ್ಖಾನೆಯವರು ಉಳಿದ ಅರ್ಧ ಆರ್ಡರನ್ನೂ ಬೇರೆಯವರಿಗೆ ಕೊಟ್ಟರು. ಇದು ನಮಗೆ ಗೊತ್ತಾದದ್ದು ಗೇಟಿಗೆ ಅಂಟಿಸಿದ ನೋಟೀಸಿನಿಂದ. ಕಾರ್ಖಾನೆ ಮುಚ್ಚಲಾಗಿದೆ ಎಂದಿತ್ತು. ಅದನ್ನು ಓದಿದ ಲೇತಿನ ಹುಡುಗನೊಬ್ಬ, ಇದೂ ಹೆದರಿಸುವುದಕ್ಕೇ ಅಲ್ವಾ ಸಾರ್ ಎಂದು ನನ್ನನ್ನು ಕೇಳಿದ. ನಾನು ಹೌದು ಎಂದೆ. ಹಾಗೆಂದು ನೋಟೀಸನ್ನು ಇನ್ನೊಮ್ಮೆ ಓದಿದೆ.

ಆ ವರ್ಷ ಆಯುಧಪೂಜೆಗೆ ನಮ್ಮ ಮಷೀನುಗಳಿಗೆ ಕುಂಕುಮ ಬೀಳಲಿಲ್ಲ. ಹಬ್ಬ ಕಳೆದ ವಾರದಲ್ಲಿ ಅವನ್ನು ಮಾರಿದರು. ಸಾಗಿಸುವ ದಿನ ನಾನು ಯಾಕೆ ಹೋದೆನೋ ಗೊತ್ತಿಲ್ಲ. ಗೆಳೆಯ ಬಂದಿರಲಿಲ್ಲ. ಅವನ ಮಿಲ್ಲಿಂಗ್ ಮಷೀನನ್ನು ಸರಪಳಿ ಹಾಕಿ ಲಾರಿಗೆ ಏರಿಸುತ್ತಿದ್ದರು. ಅದರ ಹಿಡಿಯ ಮೇಲೆ ಅವನ ಅಂಗೈ ತಗುಲುವ ಜಾಗದಲ್ಲಿ ಬಣ್ಣ ಹೋಗಿ ಬೆಳ್ಳಗಾಗಿತ್ತು. ಸ್ಟೋರ್ ಕೀಪರು ಕೈಯಲ್ಲಿ ಪಟ್ಟಿ ಹಿಡಿದು ಗುರುತು ಹಾಕುತ್ತಿದ್ದರು. ನನ್ನನ್ನು ಕಂಡು ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ, ಪಕ್ಕದ ಕಟ್ಟೆಯ ಮೇಲೆ ಕೂರಿಸಿಕೊಂಡರು.

ಯಜಮಾನರು ಇಷ್ಟು ಗಟ್ಟಿ ಮನುಷ್ಯ ಎಂದು ಗೊತ್ತಿರಲಿಲ್ಲ, ನಮ್ಮ ಜೊತೆ ಎಲೆ ಆಡುವಾಗ ಎರಡನೇ ಏಟಿಗೇ ಬಿಡುತ್ತಿದ್ದರಲ್ಲ ಎಂದು ನಾನೇ ಬಾಯಿ ಬಿಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ನಿಮಗ್ ಗೊತ್ತಿರ್ಲಿಲ್ಲೇನಪ್ಪ? ಹಬ್ಬದ ದಿವ್ಸ ಆಳುಗಳ ಜೋಡಿ ಕುಂತ್ರೆ ಧಣಿ ಗೆಲ್ಲಬಾರ್ದು. ಅವ್ರ ಅಪ್ಪಾರೂ ಹತ್ತಿ ಮಿಲ್ನಾಗೆ ಹಂಗೇ ಮಾಡ್ತಿದ್ರು. ಎಲೆ ಕಲಸಾಂವ ನಾನು, ನನ್ನ ಮುಂದೇ ಒಗೀತಿದ್ರಲ್ಲ, ಕೂಡ್ಸೋವಾಗ ಕಾಣ್ತಿದ್ವು. ಹೋದ ಯುಗಾದಿಗೆ ನಿನ್ನ ಗೆಳೆಯನ ಕಣ್ಮುಂದೆ ಒಗೆದ್ರಲ್ಲ, ಮೂರೂ ಎಕ್ಕ ಇದ್ವು."

ಮೂರೆಲೆಯಲ್ಲಿ ಮೂರು ಎಕ್ಕವನ್ನು ಸೋಲಿಸುವ ಎಲೆ ಇಲ್ಲ. ನಾನು ನಾಲ್ಕು ವರ್ಷ ಕೂತು ಓದಿದ್ದು ಯಜಮಾನರ ಭಯವನ್ನಲ್ಲ. ನಮ್ಮ ಕೈಗೆ ಹಾಕಿ ಹೋದ ಹಬ್ಬದ ಇನಾಮನ್ನು ನಾನು ಭಯ ಎಂದು ಓದಿದ್ದೆ. ಅವರೇನು ದೇವರಲ್ಲ. ಓವರ್‌ಟೈಮಿನ ದುಡ್ಡಿಗೆ ನಮ್ಮನ್ನು ಗೋಗರೆಸುತ್ತಿದ್ದರು, ಸಿಟ್ಟು ಬಂದರೆ ಬಾಯಿಗೆ ಬಂದಂತೆ ಅನ್ನುತ್ತಿದ್ದರು. ಆದರೆ ಆರ್ಡರು ಪುಸ್ತಕ ಮುಂದಿಟ್ಟಾಗ ಅವರು ನಿಜವನ್ನೇ ಹೇಳಿದ್ದರು. ಕವುಚಿ ಎಸೆದ ಎಲೆಯನ್ನು ಎತ್ತಿ ನೋಡಬಾರದು ಎಂಬ ಮರ್ಯಾದೆಯನ್ನು ನಾವು ಪಾಲಿಸಿದೆವು. ಎದುರಿಗೆ ಬಿಚ್ಚಿಟ್ಟದ್ದನ್ನು ನೋಡಲಿಲ್ಲ.  ಲಾರಿ ಹೋದ ಮೇಲೂ ಆ ಕಟ್ಟೆಯ ಮೇಲೆ ಕೂತೇ ಇದ್ದೆ.

ನನಗೆ ಎರಡೇ ತಿಂಗಳಿಗೆ ಬೇರೆ ಕಡೆ ಇನ್ಸ್‌ಪೆಕ್ಷನ್ ಕೆಲಸ ಸಿಕ್ಕಿತು. ಬೇರೆಯವರ ತಪ್ಪು ಹುಡುಕುವವನಿಗೆ ಎಲ್ಲಿ ಹೋದರೂ ಬೇಡಿಕೆ. ಲೇತಿನ ಹುಡುಗರು ಚಿಕ್ಕ ವಯಸ್ಸಿನವರು, ಹೇಗೋ ಚೆದುರಿಹೋದರು. ಗೆಳೆಯನಿಗೆ ನಲವತ್ತು ದಾಟಿತ್ತು. ಅದಕ್ಕಿಂತ ಹೆಚ್ಚಾಗಿ, ಕಾರ್ಖಾನೆ ಮುಚ್ಚಿಸಿದ ಕಾರ್ಯದರ್ಶಿ ಎಂಬ ಹೆಸರು ಅವನಿಗಿಂತ ಮೊದಲೇ ಪ್ರತಿ ಗೇಟನ್ನೂ ತಲುಪುತ್ತಿತ್ತು. ಎಸ್ಟೇಟಿನಲ್ಲಿ ಒಬ್ಬರೂ ಅವನಿಗೆ ಮಷೀನು ಕೊಡಲಿಲ್ಲ. ಕೊನೆಗೆ ಜ್ಞಾನಭಾರತಿಯ ಕಡೆ ಕಟ್ಟಡ ಕಟ್ಟುವ ಜಾಗದಲ್ಲಿ ಸಿಮೆಂಟು ಮೂಟೆ ಕಾಯುವ ಕೆಲಸಕ್ಕೆ ಸೇರಿದ. ನಾನು ಒಂದು ಭಾನುವಾರ ಅಲ್ಲಿಗೆ ಹೋಗಿದ್ದೆ. ಸ್ಟೂಲಿನ ಮೇಲೆ ಕೂತಿದ್ದ. ತೊಡೆಯ ಮೇಲೆ ಅವನ ಎರಡು ಕೈಗಳು ಸುಮ್ಮನೆ ಬಿದ್ದಿದ್ದವು, ಎಲ್ಲಿಡುವುದೆಂದು ಗೊತ್ತಿಲ್ಲದವನ ಹಾಗೆ.

ಅವನು ಒಂದು ದಿನವೂ ನನ್ನನ್ನು ದೂರಲಿಲ್ಲ. ಅದೇ ನನಗೆ ತಡೆಯಲಾಗದ್ದು. ನಿನ್ನ ಲೆಕ್ಕ ಸರಿಯಾಗೇ ಇತ್ತು, ನಮ್ಮ ಹಣೆಬರಹ ಕೆಟ್ಟಿತ್ತು ಎಂದು ಅವನೇ ನನಗೆ ಸಮಾಧಾನ ಹೇಳುತ್ತಿದ್ದ. ಆ ಒಂದು ನಂಬಿಕೆಯ ಮೇಲೆ ಅವನು ನಿಂತಿದ್ದಾನೆ ಎಂದು ನನಗೆ ಗೊತ್ತಿತ್ತು. ಸ್ಟೋರ್ ಕೀಪರು ಹೇಳಿದ್ದನ್ನು ಅವನಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಹೇಳಿದರೆ ಅವನು ಬೀಳುತ್ತಾನೆ, ಹೇಳದಿದ್ದರೆ ನಾನು ಬಚಾವಾಗುತ್ತೇನೆ. ಎರಡರಲ್ಲಿ ಯಾವ ಕಾರಣಕ್ಕೆ ಸುಮ್ಮನಿದ್ದೆ ಎಂದು ಈಗಲೂ ಎದೆ ಮುಟ್ಟಿ ಹೇಳಲಾರೆ.

ಮುಂದಿನ ವರ್ಷದ ಹೊಸತೊಡಕಿಗೆ ಅವನ ಮನೆಗೆ ಹೋದೆ. ಬಾಡಿನ ವಾಸನೆ ಇರಲಿಲ್ಲ. ಅವನ ಹೆಂಡತಿ ಕಾಳಿನ ಸಾರು ಬಡಿಸಿ, ನೀವಾದರೂ ಬಂದಿರಲ್ಲ ಅಣ್ಣ ಎಂದರು. ಊಟವಾದ ಮೇಲೆ ಅವನು ಹಳೆಯ ಎಲೆ ಕಟ್ಟನ್ನು ತೆಗೆದ. ಬೇರೆ ಯಾರೂ ಬಂದಿರಲಿಲ್ಲ. ಜಗುಲಿಯ ಮೇಲೆ ನಾವಿಬ್ಬರೇ, ನಡುವೆ ಹುಣಸೆಬೀಜದ ಎರಡು ಗುಡ್ಡೆ.

ಅವನು ಒಂದಾದ ಮೇಲೊಂದು ಆಟ ಸೋತ. ನಗುತ್ತಲೇ ಸೋತ, ಆದರೆ ಹಳೆಯ ನಗುವಾಗಿರಲಿಲ್ಲ. ಬೀಜ ಮುಗಿಯುತ್ತಾ ಬಂದ ಹಾಗೆ, ಈ ವರ್ಷವೂ ಇಷ್ಟೇ ಅಂತ ಕಾಣುತ್ತೆ ಎಂದು ತನಗೆ ತಾನೇ ಅಂದುಕೊಂಡ. ಅವನ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮುಂದಿನ ಆಟದಲ್ಲಿ ನನಗೆ ಮೂರು ರಾಣಿ ಬಂದವು; ಮೂರು ಎಕ್ಕ, ಮೂರು ರಾಜ ಬಿಟ್ಟರೆ ಅದನ್ನು ಸೋಲಿಸುವ ಎಲೆ ಇಲ್ಲ. ಅವನು ಎಲೆ ನೋಡದೆ ಉಳಿದ ಬೀಜದಲ್ಲಿ ಅರ್ಧ ಕಟ್ಟಿದ. ನಾನು ಸಮನಾಗಿ ಕಟ್ಟಿದೆ. ಅವನು ಉಳಿದದ್ದೆಲ್ಲವನ್ನೂ ಮುಂದಕ್ಕೆ ತಳ್ಳಿದ. ನಾನು ಎಲೆಯನ್ನು ಇನ್ನೊಮ್ಮೆ ನೋಡಿ, ಕವುಚಿ ಎಸೆದೆ.

ಅವನು ಬೀಜಗಳನ್ನು ಎಳೆದುಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡಿದ. ಆಮೇಲೆ, ಅಷ್ಟು ವರ್ಷಗಳಲ್ಲಿ ನಮ್ಮಲ್ಲಿ ಯಾರೂ ಮಾಡದ ಕೆಲಸ ಮಾಡಿದ. ಕೈ ಚಾಚಿ ನಾನು ಎಸೆದ ಎಲೆಗಳನ್ನು ಒಂದೊಂದಾಗಿ ಮಗುಚಿದ. ಮೂರು ರಾಣಿಯರು ಜಗುಲಿಯ ಮೇಲೆ ಸಾಲಾಗಿ ಬಿದ್ದರು.

"ಯಾಕೋ ಬಿಟ್ಟೆ?"

"ಹಬ್ಬ ಅಲ್ವೇನೋ," ಎಂದೆ. ನಗಲು ನೋಡಿದೆ.

ಅವನು ಬಗ್ಗಿ ಆ ಎಲೆಗಳನ್ನು ನೋಡಿದ. ಮಷೀನಿನ ಸದ್ದು ಬೇರೆಯಾದಾಗ ಕಿವಿಗೊಟ್ಟು ನಿಲ್ಲುತ್ತಿದ್ದನಲ್ಲ, ಹಾಗೆ. ಆಮೇಲೆ ತಲೆ ಎತ್ತದೆಯೇ ಕೇಳಿದ.

"ಯಜಮಾನ್ರೂ ಹಿಂಗೇ ಮಾಡ್ತಿದ್ರಾ?"

ಇಲ್ಲ ಎನ್ನಬಹುದಿತ್ತು. ಅವನು ನನ್ನ ಮಾತನ್ನು ನಂಬುವವನು, ಅದನ್ನೂ ನಂಬುತ್ತಿದ್ದನೋ ಏನೋ. ನಾನು ಬೀಜಗಳನ್ನು ಅವನ ಕಡೆ ತಳ್ಳಿದೆ. ಅವನು ಎಲೆಗಳನ್ನು ಒಟ್ಟುಮಾಡಿ, ಅಂಚು ಸರಿಮಾಡಿ, ದಾರ ಸುತ್ತಿ ಕಟ್ಟಿದ. ಹುಣಸೆಬೀಜಗಳನ್ನು ಡಬ್ಬಕ್ಕೆ ತುಂಬಿಡು ಎಂದು ಮಗಳಿಗೆ ಹೇಳಿ, ಎದ್ದು ಒಳಗೆ ಹೋದ.